ವಿ. ಎಸ್. ಅಜರಯ್ಯ

ವೇದನಾಯಕಂ ಸ್ಯಾಮ್ಯುಯೆಲ್ ಅಜರಯ್ಯ (17 ಆಗಸ್ಟ್ 1874 – 1 ಜನವರಿ 1945) ಅವರು ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಪದವಿಗೇರಿದ ಮೊದಲ ಭಾರತೀಯರು. ಅಂದಿನ ಹೈದರಾಬಾದ್ ನಿಜಾಮ್ ಸಂಸ್ಥಾನಕ್ಕೆ ಸೇರಿದ್ದ, ಇಂದು ತೆಲಂಗಾಣದಲ್ಲಿರುವ ದೋರ್ನಕಲ್ ಇವರ ಕಾರ್ಯಕ್ಷೇತ್ರವಾಗಿತ್ತು. 1912ರಿಂದ ಮರಣದವರೆಗೆ ಅವರು ದೋರ್ನಕಲ್ ಸಭಾಪ್ರಾಂತದ ಬಿಷಪ್ ಆಗಿದ್ದರು. ವಿದೇಶಿ ಮಿಷನ್‌ಗಳ ಹಣ ಮತ್ತು ಮೇಲ್ವಿಚಾರಣೆಯನ್ನು ಆಶ್ರಯಿಸಿದ್ದ ಭಾರತದ ಕ್ರೈಸ್ತ ಸಭೆಯು ತನ್ನದೇ ಜನರಿಂದ, ತನ್ನದೇ ಕಾಣಿಕೆಯಿಂದ, ತನ್ನದೇ ನಾಯಕರಿಂದ ನಡೆಯಬೇಕೆಂಬುದು ಅವರ ಜೀವಿತದ ಮುಖ್ಯ ಧ್ಯೇಯವಾಗಿತ್ತು. 1947ರಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆಯ ಪ್ರಮುಖ ಶಿಲ್ಪಿಗಳಲ್ಲಿ ಅವರೂ ಒಬ್ಬರು.

ಜನನ ಮತ್ತು ಬಾಲ್ಯ

ಅಜರಯ್ಯನವರು ತಮಿಳುನಾಡಿನ ತಿರುನಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಥಾಮಸ್ ವೇದನಾಯಕಂ ಅದೇ ಊರಿನ ಆಂಗ್ಲಿಕನ್ ಸಭಾಪಾಲಕರು, ತಾಯಿ ಎಲೆನ್. ಕುಟುಂಬವು ನಾಡಾರ್ ಸಮುದಾಯಕ್ಕೆ ಸೇರಿದ್ದು. ತಾಳೆಮರದ ಕಸುಬನ್ನು ನೆಚ್ಚಿಕೊಂಡಿದ್ದ ಈ ಸಮುದಾಯವು ಆ ಕಾಲದಲ್ಲಿ ಮೇಲ್ಜಾತಿಗಳ ತಿರಸ್ಕಾರಕ್ಕೆ ಗುರಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇವರಲ್ಲಿ ಬಹು ಮಂದಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿ, ಶಾಲಾ ಶಿಕ್ಷಣದ ಮೂಲಕ ಮುಂದೆ ಬಂದರು. ಬಹುಕಾಲ ಪ್ರಾರ್ಥಿಸಿ ಪಡೆದ ಮಗನೆಂಬ ಕಾರಣದಿಂದ ತಾಯಿಯು ಬೈಬಲಿನ ಪ್ರವಾದಿ ಸಮುವೇಲನ ಹೆಸರನ್ನು ಮಗುವಿಗೆ ಇಟ್ಟರು.

ತಂದೆ ತೀರಿಕೊಂಡಾಗ ಅಜರಯ್ಯನವರು ಇನ್ನೂ ಬಾಲಕರು. ದೈವಭಕ್ತಿ ಮತ್ತು ಶಿಸ್ತುಗಳಿಗೆ ಹೆಸರಾಗಿದ್ದ ತಾಯಿಯೇ ಅವರನ್ನು ಬೆಳೆಸಿದರು. ಮೆಯ್ಞಾನಪುರದ ಮಿಷನ್ ಶಾಲೆಯಲ್ಲಿಯೂ ಬಳಿಕ ತಿರುನಲ್ವೇಲಿಯಲ್ಲಿಯೂ ವಿದ್ಯಾಭ್ಯಾಸ ನಡೆಯಿತು. ಕ್ರೈಸ್ತ ವಿದ್ಯಾರ್ಥಿಗಳ ನಡುವೆಯೂ ಉಳಿದುಬಂದಿದ್ದ ಜಾತಿಭೇದವನ್ನು ಕಂಡು, ಅದನ್ನು ಅಳಿಸುವ ಸಲುವಾಗಿ ಅವರು ವಿದ್ಯಾರ್ಥಿ ದೆಸೆಯಲ್ಲೇ ಗೆಳೆಯರೊಡನೆ ಸೋದರ ಸಂಘವೊಂದನ್ನು ಕಟ್ಟಿದರು.

ಉನ್ನತ ಶಿಕ್ಷಣಕ್ಕಾಗಿ ಅವರು ಮದ್ರಾಸು ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಮುಂದೆ ಸಾರ್ವಜನಿಕ ಜೀವನದಲ್ಲಿ ಹೆಸರು ಮಾಡಿದ ಕೆ. ಟಿ. ಪಾಲ್ ಅವರ ಸ್ನೇಹ ಇಲ್ಲಿಯೇ ಬೆಳೆಯಿತು. ಗಣಿತವು ಅಜರಯ್ಯನವರ ವಿಷಯವಾಗಿತ್ತು. ಆದರೆ ಅಂತಿಮ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದುದರಿಂದ ಪದವಿಯು ಕೈಗೂಡಲಿಲ್ಲ. ಮತ್ತೆ ಪರೀಕ್ಷೆಗೆ ಕೂರುವುದಕ್ಕೆ ಬದಲಾಗಿ ಅವರು ನೇರವಾಗಿ ಸೇವೆಗೆ ಇಳಿದರು.

ವೈ.ಎಂ.ಸಿ.ಎ. ಕಾರ್ಯದರ್ಶಿ

1895ರಲ್ಲಿ ಅಜರಯ್ಯನವರು ವೈ.ಎಂ.ಸಿ.ಎ. ಸಂಸ್ಥೆಯ ಕಾರ್ಯದರ್ಶಿಯಾದರು. ದಕ್ಷಿಣ ಭಾರತದ ಊರೂರು ಸುತ್ತಿ ಯುವಕರನ್ನು ಸಂಘಟಿಸುವುದು, ಬೈಬಲ್ ಅಧ್ಯಯನ ಕೂಟಗಳನ್ನು ನಡೆಸುವುದು ಅವರ ಕೆಲಸ. ಸುಮಾರು ಹದಿನಾಲ್ಕು ವರ್ಷಗಳ ಈ ಸೇವೆಯಲ್ಲಿ ಸಭೆ ನಡೆಸುವ, ಲೆಕ್ಕಪತ್ರ ಇಡುವ, ಭಿನ್ನ ಪಂಗಡಗಳ ಕ್ರೈಸ್ತರೊಡನೆ ಕೂಡಿ ದುಡಿಯುವ ಅನುಭವ ಅವರಿಗೆ ದೊರೆಯಿತು. 1896ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಶೆರ್ವುಡ್ ಎಡ್ಡಿ ಅವರ ಆಪ್ತ ಮಿತ್ರರಾದರು. ಆಡಳಿತಗಾರನಿಗೂ ಆಳಿಸಿಕೊಳ್ಳುವವನಿಗೂ ನಡುವಿನ ಅಂತರವೇ ಎಲ್ಲೆಡೆ ಕಾಣುತ್ತಿದ್ದ ಕಾಲದಲ್ಲಿ ಇವರಿಬ್ಬರದು ಸಮಾನರ ಗೆಳೆತನವಾಗಿತ್ತು. ಅಜರಯ್ಯನವರ ಮುಂದಿನ ವಿಚಾರಗಳಿಗೆ ಈ ಅನುಭವವೇ ಒಂದು ಅಡಿಗಲ್ಲು.

1898ರಲ್ಲಿ ಅನ್ಬು ಮರಿಯಮ್ಮಾಳ್ ಅವರೊಡನೆ ವಿವಾಹವಾಯಿತು. ದಕ್ಷಿಣ ಭಾರತದಲ್ಲಿ ಕಾಲೇಜು ಮೆಟ್ಟಿಲೇರಿದ ಮೊದಲ ಕ್ರೈಸ್ತ ಮಹಿಳೆಯರಲ್ಲಿ ಅವರು ಒಬ್ಬರು. ವರದಕ್ಷಿಣೆಯ ಪದ್ಧತಿ ಕ್ರೈಸ್ತರಲ್ಲಿಯೂ ಬೇರೂರಿದ್ದರೂ ಈ ಮದುವೆಯಲ್ಲಿ ವರದಕ್ಷಿಣೆ ಪಡೆಯಲಿಲ್ಲ.

ಭಾರತೀಯ ಮಿಷನರಿ ಸಂಘಗಳ ಸ್ಥಾಪನೆ

1902ರಲ್ಲಿ ಅಜರಯ್ಯನವರು ಸಿಂಹಳದ ಜಾಫ್ನಾಕ್ಕೆ ಭೇಟಿ ನೀಡಿದರು. ಅಲ್ಲಿಯ ತಮಿಳು ಕ್ರೈಸ್ತರು ತಮ್ಮದೇ ಹಣದಿಂದ ಬೇರೆ ಪ್ರದೇಶಕ್ಕೆ ಸುವಾರ್ತಾ ಸೇವಕರನ್ನು ಕಳುಹಿಸುತ್ತಿದ್ದುದು ಅವರ ಕಣ್ಣು ತೆರೆಸಿತು. ನೂರು ವರ್ಷಕ್ಕೂ ಹೆಚ್ಚು ಹಳೆಯದಾದ ತಿರುನಲ್ವೇಲಿಯ ಸಭೆಯು ವಿದೇಶದಿಂದ ಪಡೆಯುವುದನ್ನು ಕಲಿತಿತ್ತೇ ಹೊರತು ಹೊರಗೆ ಕಳುಹಿಸುವುದನ್ನು ಕಲಿತಿರಲಿಲ್ಲ. ಊರಿಗೆ ಮರಳಿದ ಅವರು 1903ರ ಫೆಬ್ರವರಿಯಲ್ಲಿ ತಿರುನಲ್ವೇಲಿಯ ಭಾರತೀಯ ಮಿಷನರಿ ಸಂಘವನ್ನು ಸ್ಥಾಪಿಸಿದರು. ಭಾರತೀಯರ ಸೇವಕರು, ಭಾರತೀಯರ ಹಣ, ಭಾರತೀಯರ ಆಡಳಿತ ಎಂಬುದು ಅದರ ನಿಯಮವಾಗಿತ್ತು. ಈ ಸಂಘವು ತೆಲುಗು ಮಾತನಾಡುವ ದೋರ್ನಕಲ್ ಪ್ರದೇಶವನ್ನು ತನ್ನ ಕ್ಷೇತ್ರವಾಗಿ ಆರಿಸಿಕೊಂಡಿತು.

1905ರ ಡಿಸೆಂಬರ್ 25ರಂದು ಬಂಗಾಳದ ಸೇರಾಂಪುರದಲ್ಲಿ, ವಿಲಿಯಂ ಕೇರಿಯವರ ನೆನಪನ್ನು ಹೊತ್ತ ಗ್ರಂಥಾಲಯದಲ್ಲಿ, ಇಡೀ ದೇಶದ ವ್ಯಾಪ್ತಿಯುಳ್ಳ ರಾಷ್ಟ್ರೀಯ ಮಿಷನರಿ ಸಂಘವು ಹುಟ್ಟಿತು. ಅಜರಯ್ಯನವರು ಅದರ ಮೊದಲ ಪ್ರಧಾನ ಕಾರ್ಯದರ್ಶಿಯಾದರು. ವಂಗಭಂಗದ ವಿರುದ್ಧ ಸ್ವದೇಶಿ ಚಳುವಳಿಯು ಕಾವೇರಿದ್ದ ವರ್ಷವದು. ಸ್ವಾವಲಂಬನೆಯ ಅದೇ ಗಾಳಿ ಕ್ರೈಸ್ತ ಸಭೆಯೊಳಗೂ ಬೀಸಿತ್ತು. 1907ರಲ್ಲಿ ಅವರು ಟೋಕಿಯೋ ನಗರದಲ್ಲಿ ನಡೆದ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದ ಸಮ್ಮೇಳನದಲ್ಲಿ ಪಾಲ್ಗೊಂಡರು.

ದೋರ್ನಕಲ್‌ಗೆ ಪಯಣ

ಬೇರೆಯವರನ್ನು ದೂರದ ಹಳ್ಳಿಗಳ ಸೇವೆಗೆ ಕರೆದು ಕಳುಹಿಸುತ್ತಾ ತಾವು ಮಾತ್ರ ಕಚೇರಿಯಲ್ಲಿ ಉಳಿದಿರುವುದು ಸರಿಯೇ ಎಂಬ ಪ್ರಶ್ನೆ ಅಜರಯ್ಯನವರನ್ನು ಕಾಡತೊಡಗಿತು. ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅವರ ಪ್ರೋತ್ಸಾಹವೂ ಇದಕ್ಕೆ ಕೂಡಿಬಂದಿತು. 1909ರಲ್ಲಿ ಅಜರಯ್ಯನವರು ಸಭಾಪಾಲಕರಾಗಿ ದೀಕ್ಷೆ ಪಡೆದು, ತಾವೇ ಸ್ಥಾಪಿಸಿದ ಸಂಘದ ಮಿಷನರಿಯಾಗಿ ಕುಟುಂಬದೊಡನೆ ದೋರ್ನಕಲ್ ಸೇರಿದರು. ದೋರ್ನಕಲ್ ಆಗ ಕುರುಚಲು ಕಾಡಿನ ನಡುವಿನ ಒಂದು ರೈಲ್ವೆ ಜಂಕ್ಷನ್. ದೇಶದೇಶಗಳ ಸಮ್ಮೇಳನಗಳಲ್ಲಿ ಹೆಸರು ಪಡೆದಿದ್ದವರು ಮೂವತ್ತೈದನೆಯ ವಯಸ್ಸಿನಲ್ಲಿ ತೆಲುಗು ವರ್ಣಮಾಲೆಯಿಂದ ಕಲಿಕೆ ಆರಂಭಿಸಿದರು. ಎತ್ತಿನ ಗಾಡಿಯಲ್ಲಿಯೂ ಸೈಕಲ್ಲಿನಲ್ಲಿಯೂ ಹಳ್ಳಿಗಳನ್ನು ಸುತ್ತುವುದು ಅವರ ದಿನಚರಿಯಾಯಿತು.

ಎಡಿನ್‌ಬರೋ ಸಮ್ಮೇಳನ, 1910

1910ರ ಜೂನ್ ತಿಂಗಳಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದಲ್ಲಿ ವಿಶ್ವ ಮಿಷನರಿ ಸಮ್ಮೇಳನವು ನಡೆಯಿತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತಕ್ಕಿಂತ ಕಡಿಮೆ. ವಿದೇಶಿ ಮತ್ತು ದೇಶೀಯ ಸೇವಕರ ಸಹಕಾರ ಎಂಬ ವಿಷಯದ ಮೇಲೆ ಮಾತನಾಡಲು ಅಜರಯ್ಯನವರಿಗೆ ಅವಕಾಶ ದೊರೆಯಿತು.

ಅವರು ಮಿಷನರಿಗಳ ತ್ಯಾಗವನ್ನು ಮೊದಲು ಸ್ಮರಿಸಿದರು. ಬಳಿಕ, ಅನೇಕ ಕಡೆ ಮಿಷನರಿಗೂ ಭಾರತೀಯ ಸೇವಕನಿಗೂ ನಡುವೆ ಇರುವುದು ಯಜಮಾನ ಮತ್ತು ನೌಕರನ ಸಂಬಂಧವೆಂದು ನೇರವಾಗಿ ಹೇಳಿದರು. ವರ್ಷಗಟ್ಟಲೆ ಒಟ್ಟಿಗೆ ದುಡಿದರೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ ಎಂಬುದನ್ನು ಅವರು ಎತ್ತಿ ತೋರಿಸಿದರು. ಹಣವನ್ನು ಹಂಚುವ ಕೈ ಒಂದೇ ಆಗಿರುವವರೆಗೆ ಜವಾಬ್ದಾರಿಯು ಇನ್ನೊಬ್ಬನಲ್ಲಿ ಬೆಳೆಯಲಾರದೆಂದೂ, ಅಧಿಕಾರವನ್ನು ಬಿಟ್ಟುಕೊಡದೆ ನಾಯಕರು ಹುಟ್ಟುವುದಿಲ್ಲವೆಂದೂ ಅವರ ವಾದ. ಪಶ್ಚಿಮದ ಕ್ರೈಸ್ತರು ಭಾರತಕ್ಕೆ ದಾನವನ್ನೂ ಪ್ರಾಣವನ್ನೂ ಕೊಟ್ಟಿದ್ದಾರೆ, ಇನ್ನು ಸ್ನೇಹವನ್ನು ಕೊಡಲಿ ಎಂಬ ಬೇಡಿಕೆಯೊಂದಿಗೆ ಭಾಷಣವು ಮುಗಿಯಿತು. ಸಭಾಂಗಣದಲ್ಲಿದ್ದ ಕೆಲವು ಮಿಷನರಿಗಳಿಗೆ ಈ ಮಾತು ರುಚಿಸಲಿಲ್ಲ. ಆದರೆ ಆ ಸಮ್ಮೇಳನದಲ್ಲಿ ಆಡಿದ ಮಾತುಗಳ ಪೈಕಿ ಇಂದಿಗೂ ಹೆಚ್ಚು ನೆನಪಿನಲ್ಲಿ ಉಳಿದಿರುವುದು ಇದೇ.

ಬಿಷಪ್ ಪದವಿ

ಭಾರತೀಯರೊಬ್ಬರನ್ನು ಬಿಷಪ್ ಆಗಿ ನೇಮಿಸಬೇಕೆಂಬ ವೈಟ್‌ಹೆಡ್ ಅವರ ಸಲಹೆಗೆ ಎರಡು ಕಡೆಗಳಿಂದ ವಿರೋಧ ಬಂದಿತು. ಯುರೋಪಿಯನ್ನರು ಭಾರತೀಯನ ಅಧೀನದಲ್ಲಿ ಕೆಲಸ ಮಾಡುವುದು ಸಾಧ್ಯವಿಲ್ಲವೆಂದು ಕೆಲವು ಮಿಷನರಿಗಳು ವಾದಿಸಿದರು. ನಾಡಾರ್ ಸಮುದಾಯದವರೊಬ್ಬರು ಈ ಪದವಿಗೇರುವುದನ್ನು ಮೇಲ್ಜಾತಿಯ ಮೂಲದ ಕೆಲವು ಭಾರತೀಯ ಕ್ರೈಸ್ತರೂ ಒಪ್ಪಲಿಲ್ಲ. ಈ ಆಕ್ಷೇಪಣೆಗಳನ್ನು ದಾಟಿ, 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸಂತ ಪೌಲರ ಕೆಥೀಡ್ರಲ್‌ನಲ್ಲಿ ಅಜರಯ್ಯನವರ ಅಭಿಷೇಕವು ನೆರವೇರಿತು. ಆಗ ಅವರಿಗೆ 38 ವರ್ಷ.

ಆರಂಭದಲ್ಲಿ ದೋರ್ನಕಲ್ ಸಭಾಪ್ರಾಂತವು ಚಿಕ್ಕದಾಗಿತ್ತು. ಭಾರತೀಯ ಸಭಾಪಾಲಕರು ಕೈಬೆರಳೆಣಿಕೆಯಷ್ಟು ಮಂದಿ. 1920ರ ದಶಕದ ಆರಂಭದಲ್ಲಿ ಬ್ರಿಟಿಷ್ ಮಿಷನ್ ಸಂಸ್ಥೆಗಳು ನಡೆಸುತ್ತಿದ್ದ ಆಂಧ್ರದ ವಿಶಾಲ ಪ್ರದೇಶಗಳು ಇದಕ್ಕೆ ಸೇರಿದವು. ಇದರಿಂದ ಯುರೋಪಿಯನ್ ಮಿಷನರಿಗಳು ಅಜರಯ್ಯನವರ ಅಧೀನಕ್ಕೆ ಬಂದರು. ಅಸಾಧ್ಯವೆಂದು ಹಿಂದೆ ಹೇಳಲಾಗಿದ್ದ ಸಂಗತಿಯು ಹೀಗೆ ನಿತ್ಯದ ವ್ಯವಹಾರವಾಯಿತು. 1935ರಿಂದ ಅವರ ಸಹಾಯಕ ಬಿಷಪ್ ಆಗಿದ್ದ ಎ. ಬಿ. ಎಲಿಯಟ್ ಕೂಡ ಯುರೋಪಿಯನ್ನರೇ. 1920ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಅಜರಯ್ಯನವರಿಗೆ ಗೌರವ ಡಾಕ್ಟರೇಟ್ ನೀಡಿತು.

ಗ್ರಾಮ ಸಭೆಗಳು ಮತ್ತು ನಾಯಕರ ತರಬೇತಿ

ದೋರ್ನಕಲ್ ಸಭಾಪ್ರಾಂತದ ಕ್ರೈಸ್ತರಲ್ಲಿ ಬಹುತೇಕರು ಮಾಲ ಮತ್ತು ಮಾದಿಗ ಸಮುದಾಯಗಳ ಬಡ ಕೂಲಿಕಾರರು. ಇವರು ಒಬ್ಬೊಬ್ಬರಾಗಿ ಅಲ್ಲದೆ ಕೇರಿ ಕೇರಿಯಾಗಿ, ಕುಟುಂಬ ಸಮೇತ ದೀಕ್ಷಾಸ್ನಾನ ಕೇಳಿ ಬರುತ್ತಿದ್ದರು. ಓದುಬರಹ ಬಾರದ ಜನರಿಗೆ ಪ್ರಾರ್ಥನೆಗಳನ್ನೂ ಬೈಬಲಿನ ಕಥೆಗಳನ್ನೂ ಹಾಡುಗಳ ಮೂಲಕ ಬಾಯಿಪಾಠ ಮಾಡಿಸಲಾಗುತ್ತಿತ್ತು. ಪ್ರತಿ ಹಳ್ಳಿಗೆ ಒಬ್ಬ ಉಪಾಧ್ಯಾಯ ಎಂಬುದು ವ್ಯವಸ್ಥೆಯ ತಳಹದಿ. ಈತ ಹಗಲಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ, ಕೂಲಿಯಿಂದ ಹಿಂದಿರುಗಿದ ಹಿರಿಯರನ್ನು ರಾತ್ರಿ ಆರಾಧನೆಗೆ ಕೂಡಿಸುತ್ತಿದ್ದನು.

ಇಂತಹ ಉಪಾಧ್ಯಾಯರಲ್ಲಿ ಯೋಗ್ಯರಾದವರನ್ನು ಆರಿಸಿ ಅಜರಯ್ಯನವರು ಸಭಾಪಾಲಕರನ್ನಾಗಿ ಮಾಡಿದರು. ಇಂಗ್ಲಿಷ್ ಬಲ್ಲ ಪದವೀಧರರೇ ಬೇಕೆಂದು ಅವರು ಕಾಯಲಿಲ್ಲ. ದೋರ್ನಕಲ್‌ನ ದೈವಶಾಸ್ತ್ರ ಶಾಲೆಯಲ್ಲಿ ಶಿಕ್ಷಣವು ತೆಲುಗಿನಲ್ಲಿಯೇ ನಡೆಯುತ್ತಿತ್ತು. ಹಳ್ಳಿಯ ಸೇವೆಯಲ್ಲಿ ಗಂಡ ಹೆಂಡತಿ ಇಬ್ಬರೂ ಪಾಲುದಾರರೆಂಬ ಕಾರಣದಿಂದ ಅಭ್ಯರ್ಥಿಗಳ ಪತ್ನಿಯರಿಗೂ ಅಲ್ಲಿ ತರಬೇತಿ ಇತ್ತು. ಈ ಕಾರ್ಯದಲ್ಲಿ ಅನ್ಬು ಅವರ ಪಾತ್ರ ಹಿರಿದು. ಒಂದು ಕಾಲಕ್ಕೆ ಬೆರಳೆಣಿಕೆಯಲ್ಲಿದ್ದ ಭಾರತೀಯ ಸಭಾಪಾಲಕರ ಸಂಖ್ಯೆಯು ಅವರ ಕಾಲದಲ್ಲಿ ನೂರನ್ನು ದಾಟಿತು. ಸಭಾಪ್ರಾಂತದ ಕ್ರೈಸ್ತರ ಸಂಖ್ಯೆಯು ಎರಡು ಲಕ್ಷವನ್ನು ಮೀರಿತು.

ಸುವಾರ್ತೆಯನ್ನು ಸಾರುವುದು ಸಂಬಳ ಪಡೆಯುವವರ ಕೆಲಸ ಮಾತ್ರವಲ್ಲ, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರ ಹೊಣೆ ಎಂದು ಅವರು ಬೋಧಿಸಿದರು. ಹಳ್ಳಿಯ ಸಭೆಗಳಲ್ಲಿ ಹೊಸದಾಗಿ ದೀಕ್ಷೆ ಪಡೆದವರು ತಮ್ಮ ತಲೆಯ ಮೇಲೆ ಕೈಯಿಟ್ಟು ಈ ಹೊಣೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುವಂತೆ ಅವರು ಮಾಡಿಸುತ್ತಿದ್ದರು. ಕಾಣಿಕೆಯ ವಿಷಯದಲ್ಲಿಯೂ ಇದೇ ನಿಲುವು. ಬಡವನಿಂದ ಏನನ್ನೂ ಕೇಳದಿರುವುದು ದಯೆಯಲ್ಲ, ಅವನನ್ನು ಸದಾ ಕೈಚಾಚುವವನನ್ನಾಗಿ ಉಳಿಸುವ ದಾರಿ ಎಂಬುದು ಅವರ ನಂಬಿಕೆ. ಮನೆಯಾಕೆ ಅಡುಗೆಗೆ ಮೊದಲು ತೆಗೆದಿಡುವ ಹಿಡಿ ಅಕ್ಕಿ, ಸುಗ್ಗಿಯ ಹಬ್ಬದಲ್ಲಿ ತರುವ ಧಾನ್ಯ, ಕೋಳಿ, ತರಕಾರಿ ಇವೆಲ್ಲವೂ ಸಭೆಯ ಆದಾಯವಾದವು. ಈ ವಿಚಾರಗಳನ್ನು ಅವರು ಕ್ರೈಸ್ತ ದಾನವನ್ನು ಕುರಿತ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ.

ಕುಡಿತ, ಬಾಲ್ಯವಿವಾಹ ಮತ್ತು ಸಾಲದ ಬಲೆಗಳಿಂದ ಹೊರಬರಬೇಕೆಂದು ಅವರು ಸಭೆಗಳನ್ನು ಕಟ್ಟುನಿಟ್ಟಾಗಿ ಒತ್ತಾಯಿಸುತ್ತಿದ್ದರು. ಮಾಲ ಮತ್ತು ಮಾದಿಗರ ನಡುವಿನ ಭೇದವು ದೀಕ್ಷಾಸ್ನಾನದೊಡನೆ ಮಾಯವಾಗಲಿಲ್ಲ. ಒಂದೇ ಪಾತ್ರೆಯಿಂದ ಪವಿತ್ರ ಭೋಜನ ಸ್ವೀಕರಿಸುವಂತೆ ಮಾಡಲು ಬಹುಕಾಲ ಶ್ರಮಿಸಬೇಕಾಯಿತು. ದಲಿತ ಕೇರಿಗಳಲ್ಲಿ ಕಂಡ ಬದಲಾವಣೆಯಿಂದ ಪ್ರೇರಿತರಾಗಿ ಇತರ ಜಾತಿಗಳ ರೈತರೂ ಸಭೆಗೆ ಸೇರಲಾರಂಭಿಸಿದರು. ಜೆ. ವಾಸ್ಕಂ ಪಿಕೆಟ್ ಅವರು 1933ರಲ್ಲಿ ಪ್ರಕಟಿಸಿದ ಸಾಮೂಹಿಕ ಮತಾಂತರಗಳ ಅಧ್ಯಯನವು ಆಂಧ್ರದ ಇಂತಹ ಸಂಗತಿಗಳನ್ನು ದಾಖಲಿಸಿದೆ.

ಎಪಿಫನಿ ಕೆಥೀಡ್ರಲ್

ದೋರ್ನಕಲ್‌ನ ಎಪಿಫನಿ ಕೆಥೀಡ್ರಲ್ ಅಜರಯ್ಯನವರ ಕಾಲದ ದೊಡ್ಡ ನಿರ್ಮಾಣ. ಕೆಲಸವು 1914ರಲ್ಲಿ ಆರಂಭವಾಯಿತು. ಮಹಾಯುದ್ಧ, ಹಣದ ಅಭಾವ ಮೊದಲಾದ ಕಾರಣಗಳಿಂದ ನಿಧಾನವಾಗಿ ಸಾಗಿ, 1939ರ ಜನವರಿ 6ರಂದು ಪ್ರತಿಷ್ಠೆ ನಡೆಯಿತು. ದಕ್ಷಿಣದ ದೇಗುಲಗಳ ಕಂಬ, ಮಸೀದಿಗಳ ಗುಮ್ಮಟ ಹಾಗೂ ಕ್ರೈಸ್ತ ಆರಾಧನೆಯ ವಿನ್ಯಾಸ ಇಲ್ಲಿ ಒಂದಾಗಿವೆ. ಕ್ರೈಸ್ತನಾಗುವುದೆಂದರೆ ಪರದೇಶಿಯಾಗುವುದಲ್ಲವೆಂಬ ಅವರ ನಿಲುವಿಗೆ ಈ ಕಟ್ಟಡವು ಸಾಕ್ಷಿಯಾಗಿದೆ.

ಗಾಂಧೀಜಿಯವರೊಡನೆ ಭಿನ್ನಾಭಿಪ್ರಾಯ

ಅಜರಯ್ಯನವರು ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಡುವುದನ್ನು ವಿರೋಧಿಸಿದರು. ಕ್ರೈಸ್ತರು ರಾಜಕೀಯ ಗುಂಪಾಗಿ ಬೇರ್ಪಟ್ಟರೆ ನೆರೆಹೊರೆಯವರೊಡನೆ ಬೆರೆಯಲಾರರು, ಸಭೆಯ ಸಾಕ್ಷಿಯೂ ಮಂಕಾಗುತ್ತದೆ ಎಂಬುದು ಅವರ ಕಾರಣ. ಈ ವಿಷಯದಲ್ಲಿ ಅವರ ನಿಲುವು ರಾಷ್ಟ್ರೀಯವಾದಿಗಳಿಗೆ ಹತ್ತಿರವಾಗಿತ್ತು.

ಆದರೆ ಮತಾಂತರದ ವಿಷಯದಲ್ಲಿ ಗಾಂಧೀಜಿಯವರಿಗೂ ಅವರಿಗೂ ತೀವ್ರ ಭಿನ್ನಾಭಿಪ್ರಾಯವಿತ್ತು. 1935ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ ಮೇಲೆ ದಲಿತರ ಮತಾಂತರವು ದೇಶದ ದೊಡ್ಡ ಚರ್ಚೆಯಾಯಿತು. ಗಾಂಧೀಜಿಯವರು ತಮ್ಮ ಹರಿಜನ ಪತ್ರಿಕೆಯಲ್ಲಿ ಆಂಧ್ರದ ಸಾಮೂಹಿಕ ಮತಾಂತರಗಳನ್ನು ಟೀಕಿಸಿದರು. ಅಕ್ಷರ ಬಾರದ ಬಡವರು ಧರ್ಮತತ್ವವನ್ನು ವಿವೇಚಿಸಿ ನಿರ್ಧರಿಸುವ ಸ್ಥಿತಿಯಲ್ಲಿಲ್ಲ. ಶಾಲೆ, ಆಸ್ಪತ್ರೆಗಳ ಆಕರ್ಷಣೆಯಿಂದ ಆಗುವ ಮತಾಂತರ ನಿಜವಾದುದಲ್ಲ ಎಂಬುದು ಅವರ ಆಕ್ಷೇಪಣೆಯ ಸಾರ. ಬಡವನಿಗೂ ಆತ್ಮದ ಹಸಿವು ಇರುತ್ತದೆ, ತನ್ನ ನಂಬಿಕೆಯನ್ನು ಆರಿಸಿಕೊಳ್ಳುವ ಹಕ್ಕೂ ಅವನಿಗಿದೆ ಎಂಬುದು ಅಜರಯ್ಯನವರ ಉತ್ತರ. ಹಳ್ಳಿಗಳಲ್ಲಿ ಕ್ರೈಸ್ತರಾದವರು ಹಿಂಸೆ, ಬಹಿಷ್ಕಾರಗಳನ್ನೂ ಎದುರಿಸಿದ್ದಾರೆಂದು ಅವರ ಪಕ್ಷದವರು ನೆನಪಿಸಿದರು. ಇಬ್ಬರೂ ದಲಿತರ ಏಳಿಗೆಯನ್ನು ಬಯಸಿದವರು, ಇಬ್ಬರೂ ಸರಳ ಜೀವನ ನಡೆಸಿದವರು. ಆದರೂ ಈ ಪ್ರಶ್ನೆಯಲ್ಲಿ ಒಮ್ಮತ ಮೂಡಲಿಲ್ಲ.

ಸಭೆಗಳ ಐಕ್ಯಕ್ಕಾಗಿ ದುಡಿಮೆ

ಇಂಗ್ಲೆಂಡ್, ಸ್ಕಾಟ್‌ಲೆಂಡ್, ಅಮೆರಿಕಗಳ ಚರಿತ್ರೆಯಲ್ಲಿ ಹುಟ್ಟಿದ ಪಂಗಡಗಳು ಭಾರತದ ಹಳ್ಳಿಯ ಕ್ರೈಸ್ತರನ್ನು ವಿಭಜಿಸುವುದು ಅರ್ಥಹೀನವೆಂದು ಅಜರಯ್ಯನವರು ಭಾವಿಸಿದ್ದರು. 1919ರ ಮೇ 1 ಮತ್ತು 2ರಂದು, 1706ರಲ್ಲಿ ಮೊದಲ ಪ್ರಾಟೆಸ್ಟಂಟ್ ಮಿಷನರಿಗಳು ಬಂದಿಳಿದಿದ್ದ ತರಂಗಂಬಾಡಿಯಲ್ಲಿ ಸಭಾಪಾಲಕರ ಕೂಟವೊಂದು ಸೇರಿತು. ನೆರೆದ 33 ಮಂದಿಯಲ್ಲಿ ಇಬ್ಬರ ಹೊರತು ಉಳಿದವರೆಲ್ಲರೂ ಭಾರತೀಯರು. ಅಜರಯ್ಯನವರ ಮುಂದಾಳುತನದಲ್ಲಿ ಹೊರಬಂದ ತರಂಗಂಬಾಡಿ ಹೇಳಿಕೆಯು ಆಂಗ್ಲಿಕನ್ ಸಭೆ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಒಂದಾಗಬೇಕೆಂದು ಕರೆ ನೀಡಿತು. ಮುಂದೆ ಮೆಥೊಡಿಸ್ಟರೂ ಮಾತುಕತೆಗೆ ಸೇರಿದರು.

ಬಿಷಪ್ ಪದವಿಯ ಅಗತ್ಯ ಮತ್ತು ಬಿಷಪ್‌ರಿಂದ ದೀಕ್ಷೆ ಪಡೆಯದ ಸಭಾಪಾಲಕರ ಮಾನ್ಯತೆಯ ಪ್ರಶ್ನೆಗಳು ಚರ್ಚೆಯನ್ನು ದಶಕಗಳ ಕಾಲ ಎಳೆದವು. 1927ರ ಲೋಸಾನ್ ಸಮ್ಮೇಳನ, 1930ರ ಲ್ಯಾಂಬೆತ್ ಸಮ್ಮೇಳನಗಳಲ್ಲಿ ಅಜರಯ್ಯನವರು ಐಕ್ಯದ ಪರವಾಗಿ ವಾದಿಸಿದರು. ಐಕ್ಯವು ಪಶ್ಚಿಮದವರಿಗೆ ಅಪೇಕ್ಷಣೀಯ ಆದರ್ಶವಾಗಿರಬಹುದು, ಭಾರತದ ಸಭೆಗಾದರೋ ಅದು ಅಳಿವು ಉಳಿವಿನ ಪ್ರಶ್ನೆ ಎಂಬುದು ಅವರ ವಾದವಾಗಿತ್ತು. 1929ರಿಂದ ಅವರು ರಾಷ್ಟ್ರೀಯ ಕ್ರೈಸ್ತ ಪರಿಷತ್ತಿನ ಅಧ್ಯಕ್ಷರಾಗಿಯೂ ದುಡಿದರು.

ನಿಧನ ಮತ್ತು ಪರಂಪರೆ

ಅಜರಯ್ಯನವರು ಅಲ್ಪಕಾಲದ ಅಸ್ವಸ್ಥತೆಯ ಬಳಿಕ 1945ರ ಜನವರಿ 1ರಂದು ದೋರ್ನಕಲ್‌ನಲ್ಲಿ ನಿಧನರಾದರು. ಕೊನೆಯವರೆಗೂ ಅವರ ಹಳ್ಳಿಗಳ ಸಂಚಾರವು ನಿಂತಿರಲಿಲ್ಲ. ಅವರ ತರುವಾಯ ಎಲಿಯಟ್ ಅವರು ಬಿಷಪ್ ಆದರು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸಂತ ಜಾರ್ಜರ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆಯು ಉದ್ಘಾಟನೆಗೊಂಡಿತು. ಬಿಷಪ್‌ರ ಆಡಳಿತವುಳ್ಳ ಸಭೆಯೂ ಅದಿಲ್ಲದ ಸಭೆಗಳೂ ಒಂದಾದ ಈ ಘಟನೆಯು ಜಗತ್ತಿನ ಕ್ರೈಸ್ತ ಚರಿತ್ರೆಯಲ್ಲಿ ಗಮನಾರ್ಹವಾದುದು. ಅದಕ್ಕಾಗಿ ಕಾಲು ಶತಮಾನ ದುಡಿದ ಅಜರಯ್ಯನವರು ಆ ದಿನವನ್ನು ಕಾಣಲಿಲ್ಲ. ಇಂದು ಕರ್ನಾಟಕದ ಮಧ್ಯ, ದಕ್ಷಿಣ ಮತ್ತು ಉತ್ತರ ಸಭಾಪ್ರಾಂತಗಳು ಇದೇ ಸಭೆಗೆ ಸೇರಿವೆ.

ಕ್ಯಾರೊಲ್ ಗ್ರಹಾಂ ಹಾಗೂ ಸೂಸನ್ ಬಿಲಿಂಗ್ಟನ್ ಹಾರ್ಪರ್ ಅಜರಯ್ಯನವರ ಜೀವನಚರಿತ್ರೆಗಳನ್ನು ಬರೆದಿದ್ದಾರೆ. ಬ್ರಿಟಿಷ್ ಆಳ್ವಿಕೆಯ ಕಾಲದ ಸಭಾ ವ್ಯವಸ್ಥೆಯೊಳಗೇ ಉಳಿದು ಅವರು ಕೆಲಸ ಮಾಡಿದುದನ್ನು ಮಿತಿಯೆಂದು ಕಾಣುವವರಿದ್ದಾರೆ. ಆ ವ್ಯವಸ್ಥೆಯನ್ನು ಒಳಗಿನಿಂದಲೇ ಭಾರತೀಯರ ಕೈಗೆ ತಂದುದನ್ನು ಸಾಧನೆಯೆಂದು ಕಾಣುವವರೂ ಇದ್ದಾರೆ. ಎಡಿನ್‌ಬರೋದಲ್ಲಿ ಇತರರಿಂದ ಕೇಳಿದ್ದನ್ನು ಅವರು ದೋರ್ನಕಲ್‌ನಲ್ಲಿ ತಾವೇ ನಡೆಸಿ ತೋರಿಸಿದರು. ಅಧಿಕಾರ ದೊರೆತಾಗ ಅದನ್ನು ಹಳ್ಳಿಯ ಉಪಾಧ್ಯಾಯರಿಗೂ ಸಭಾಪಾಲಕರಿಗೂ ಅವರ ಪತ್ನಿಯರಿಗೂ ಹಂಚಿದರು. ಕಾಯಿಲೆಯಿಂದಾಗಿ ಪದವಿ ತಪ್ಪಿದ ತಿರುನಲ್ವೇಲಿಯ ಯುವಕನು ನಾಯಕನಾಗಿ ಬೆಳೆದುದಕ್ಕೆ ಗುರುತು, ಅವನ ಕೈಕೆಳಗೆ ಬೆಳೆದ ನೂರಾರು ಗ್ರಾಮ ನಾಯಕರೇ ಆಗಿದ್ದಾರೆ.